ಬಾವಿಕಟ್ಟೆಯಲ್ಲಿ ಕೆಲಸ, ಶಕ್ತಿ, ಸಾಮರ್ಥ್ಯ ಅಳೆಯುವುದು ಹೇಗೆ?

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠವನ್ನು ನಾನು ಶುರು ಮಾಡುವುದು ಬಾವಿಯಿಂದ. ನಮ್ಮ ಉಡುಪಿ ಕಡೆ ಹಿತ್ತಲಲ್ಲಿ ಬಾವಿ ಇಲ್ಲದ ಮನೆ ಕಡಿಮೆ. ಪಂಪು ಬಂತೆಂದು ರಾಟೆ ಕಳಚಿಟ್ಟವರು ಇನ್ನೂ ಕಡಿಮೆ. ಸೂತ್ರ ಬಾಯಿಪಾಠ ಮಾಡಿಸುವ ಮೊದಲು ಮಕ್ಕಳ ಕೈಗೆ ಹಗ್ಗ ಕೊಡಿ. ಬಾವಿಗೆ ಎತ್ತರದ ಕಟ್ಟೆ ಇರಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಲಿ.

ಕೊಡ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಒಂದು ಕೊಕ್ಕೆ ತಕ್ಕಡಿ ಬೇಕು. ಗಲ್ಫಿಗೆ ಹೋಗಿ ಬರುವವರು ಸೂಟ್‌ಕೇಸ್ ತೂಗಲು ಇಟ್ಟುಕೊಳ್ಳುತ್ತಾರಲ್ಲ, ಆ ತಕ್ಕಡಿ ಸಾಕು.

ತುಂಬಿದ ಕೊಡ ತೂಗಿ. ನೀರೂ ಕೊಡವೂ ಸೇರಿ 12 ಕೆ.ಜಿ. ಬಂತು ಅನ್ನಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ: 12 ಎಂಬುದು ದ್ರವ್ಯರಾಶಿ, ಬಲವಲ್ಲ. ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿ, 117.6 ನ್ಯೂಟನ್ ಆಗುತ್ತದೆ. ನೀರಿನ ಮಟ್ಟದಿಂದ ಕಟ್ಟೆಯವರೆಗಿನ ಹಗ್ಗ ಅಳೆದರೆ 10 ಮೀಟರ್ ಎಂದಿರಲಿ. ಬಲವನ್ನು ಸ್ಥಾನಪಲ್ಲಟದಿಂದ ಗುಣಿಸಿದರೆ ಕೆಲಸ 1176 ಜೂಲ್. ಇದು ಕನಿಷ್ಠ ಲೆಕ್ಕ. ಎಣ್ಣೆ ಕಾಣದ ರಾಟೆಯಾದರೆ ಘರ್ಷಣೆಗೂ ಒಂದಿಷ್ಟು ತೆರಬೇಕು.

ಈಗ ಆ ಕೊಡವನ್ನು ಸಮತಟ್ಟಾದ ಅಂಗಳ ದಾಟಿಸಿ ಬಚ್ಚಲಿಗೆ ಒಯ್ಯಲು ಹೇಳಿ. ಗುರುತ್ವದ ವಿರುದ್ಧ ಮಾಡಿದ ಕೆಲಸ ಎಷ್ಟು? ಸೊನ್ನೆ. ಕೈ ಎತ್ತಿ ಹಿಡಿದಿರುವುದು ಮೇಲಕ್ಕೆ, ಕೊಡ ಸಾಗುವುದು ಅಡ್ಡಕ್ಕೆ. ನಡುವೆ 90 ಡಿಗ್ರಿ. “ಹಾಗಾದ್ರೆ ನನ್ನ ಸೊಂಟ ಯಾಕೆ ನೋಯ್ತದೆ ಟೀಚರ್?” ಎಂದು ಒಬ್ಬಳಾದರೂ ಕೇಳಿಯೇ ಕೇಳುತ್ತಾಳೆ. ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ‘ಪುಸ್ತಕದಲ್ಲಿ ಹಾಗೇ ಇದೆ’ ಎಂದು ಅವಳ ಬಾಯಿ ಮುಚ್ಚಿಸಬೇಡಿ. ಭಾರ ಹಿಡಿದಿರುವಷ್ಟು ಹೊತ್ತೂ ಸ್ನಾಯುವಿನ ಎಳೆಗಳು ಒಳಗೊಳಗೇ ಸೆಳೆಯುತ್ತ, ಸಡಿಲಿಸುತ್ತ ಇರಬೇಕಾಗುತ್ತದೆ. ತಿಂದ ಅನ್ನದ ಶಕ್ತಿ ಅಲ್ಲಿ ಖರ್ಚಾಗಿ ಮೈ ಬಿಸಿಯಾಗುತ್ತದೆ, ಆದರೆ ಅದು ಕೊಡಕ್ಕೆ ಸೇರುವುದಿಲ್ಲ. ಅದೇ ಕೊಡವನ್ನು ಗೂಟಕ್ಕೆ ನೇತುಹಾಕಿ ನೋಡಿ, ಗೂಟಕ್ಕೆ ಊಟ ಬೇಡ. (ನಡೆಯಲು ಶುರುಮಾಡುವಾಗ ಕೊಡಕ್ಕೆ ವೇಗ ಕೊಡಲು ಆಗುವ ಚೂರು ಕೆಲಸವನ್ನು ಇಲ್ಲಿ ಬಿಟ್ಟಿದ್ದೇನೆ.)

ಕಟ್ಟೆ ಮೇಲೆ ಕೂತ ಕೊಡದಲ್ಲಿ, ಬಾವಿಯ ನೀರಿನ ಮಟ್ಟಕ್ಕೆ ಹೋಲಿಸಿದರೆ, ಆ 1176 ಜೂಲ್ ಪ್ರಚ್ಛನ್ನ ಶಕ್ತಿಯಾಗಿ ಉಳಿದಿದೆ. ಕೊಡ ಜಾರಿ ಬಿದ್ದರೆ? ನೀರು ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿ.ಮೀ. ಚಲನ ಶಕ್ತಿ ಲೆಕ್ಕ ಹಾಕಿ: ½ × 12 × 14 × 14. ಮತ್ತೆ 1176! ಗಾಳಿಯ ತಡೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ಕಾಗದದ ಮೇಲಷ್ಟೇ ಮಾಡಿ. ತಾಮ್ರದ ಕೊಡ ಜಜ್ಜಿದರೆ ಬೈಗುಳ ನಿಮಗೇ.

ಸಾಮರ್ಥ್ಯಕ್ಕೆ ಹೆಚ್ಚು ವಿವರಣೆ ಬೇಡ, ಸ್ಟಾಪ್‌ವಾಚ್ ಒತ್ತಿ, ಕೆಲಸವನ್ನು ಹಿಡಿದ ಸಮಯದಿಂದ ಭಾಗಿಸಿದರಾಯಿತು. ಮೊಮ್ಮಗಳು 20 ಸೆಕೆಂಡಿನಲ್ಲಿ ಸೇದಿದರೆ 58.8 ವ್ಯಾಟ್, ಅಜ್ಜಿ 40 ಸೆಕೆಂಡಿನಲ್ಲಿ ಸೇದಿದರೆ 29.4 ವ್ಯಾಟ್. ಇಬ್ಬರ ಕೆಲಸವೂ ಒಂದೇ.

ಕರೆಂಟು ಬಿಲ್ಲಿನ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಗಂಟೆ, 36 ಲಕ್ಷ ಜೂಲ್. ಇದನ್ನು 1176ರಿಂದ ಭಾಗಿಸಲು ಹೇಳಿ ಮಕ್ಕಳ ಮುಖ ನೋಡಿ. ಮೂರು ಸಾವಿರ ಕೊಡ ದಾಟುತ್ತದೆ!

ಕೊನೆಗೆ ಪಂಪಿನ ಸರದಿ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. 1000 ಲೀಟರ್ ನೀರನ್ನು 15 ಮೀಟರ್ ಮೇಲಿನ ಟ್ಯಾಂಕಿಗೆ ಏರಿಸಲು 1,47,000 ಜೂಲ್ ಬೇಕು; ಲೆಕ್ಕದ ಪ್ರಕಾರ ಆರೂವರೆ ನಿಮಿಷ ಸಾಕು. ನಿಮ್ಮ ಮನೆಯಲ್ಲಿ 15 ನಿಮಿಷ ಹಿಡಿದರೆ ನೀರಿಗೆ ಸೇರಿದ್ದು 163 ವ್ಯಾಟ್ ಮಾತ್ರ. ಸಣ್ಣ ಪಂಪಿಗೆ ಇಷ್ಟು ನಷ್ಟ ಸಹಜವೇ. ಅರ್ಧ ಗಂಟೆ ಕಳೆದರೂ ಟ್ಯಾಂಕು ತುಂಬದಿದ್ದರೆ ಬಾವಿಗೆ ಇಳಿಬಿಟ್ಟ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಕಟ್ಟಿದೆಯೋ ನೋಡಿ.