ಶುಕ್ರವಾರ ಕೀ, ಸೋಮವಾರ ದುಡ್ಡು

ಸೆಕೆಂಡ್ ಹ್ಯಾಂಡ್ ವಾಚು ಅಸಲಿಯೋ ನಕಲಿಯೋ ಎಂದು ಮೂರು ದಿನ ನಡೆಸಿ ನೋಡಿದ ಮೇಲೆ ದುಡ್ಡು ಕೊಡುತ್ತೇನೆ ಎಂದರೆ ಬೆಂಗಳೂರಿನ ಯಾವ ಡೀಲರೂ ಒಪ್ಪುವುದಿಲ್ಲ ಎಂದು ಗೆಳೆಯರು ನಕ್ಕಿದ್ದರು. ಕಮರ್ಷಿಯಲ್ ಸ್ಟ್ರೀಟ್ ಕಡೆಯ ಒಬ್ಬರು ಒಪ್ಪಿದರು. ಶೇ. 10 ಮುಂಗಡವೂ ವಾಚೂ ಚಿಕ್ಕಪೇಟೆಯ ರಿಪೇರಿಯವರ ಬೀರುವಿನಲ್ಲಿರಬೇಕು ಎಂಬುದಷ್ಟೇ ಷರತ್ತು. ಆ ಹಿರಿಯರ ಮೇಲೆ ಇಬ್ಬರಿಗೂ ನಂಬಿಕೆ.

ವಾಚು ಒಮೆಗಾ ಅಕ್ವಾ ಟೆರ್ರಾ, ಒಳಗೆ 8500 ಎಂಬ ಯಂತ್ರ. ಕೇಳಿದ್ದು 2.6 ಲಕ್ಷದ ಆಸುಪಾಸು.

ತೂಕ, ರೇಡಿಯಂ ಹೊಳಪು, ಸೆಕೆಂಡ್ ಮುಳ್ಳಿನ ಓಟ ಇವನ್ನೆಲ್ಲ ನಾನು ಎಂದೋ ಕೈಬಿಟ್ಟಿದ್ದೇನೆ. ಇಂದಿನ ನಕಲಿ ಮೂರರಲ್ಲೂ ಪಾಸಾಗುತ್ತದೆ. ಸೀರಿಯಲ್ ಸಂಖ್ಯೆ ವಾರಂಟಿ ಕಾರ್ಡಿಗೆ ಹೊಂದಿದರೇನು, ಎರಡನ್ನೂ ಒಬ್ಬನೇ ಮಾಡಿರಬಹುದು. ವಾಚಿನ ಬಡಿತ ಕೇಳಿ ಅದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ, ಸುಮಾರು 15 ಸಾವಿರದ ಟೈಮ್‌ಗ್ರಾಫರ್ ಇದಕ್ಕಿಂತ ಮೇಲು. 8500 ಗಂಟೆಗೆ 25,200 ಬಾರಿ ಬಡಿಯುತ್ತದೆ. ಅಗ್ಗದ ನಕಲಿಗೆ ತುರುಕುವ ಯಂತ್ರ ಸಾಮಾನ್ಯವಾಗಿ 21,600 ಇಲ್ಲವೇ 28,800. ಯಂತ್ರಕ್ಕೆ ತಕ್ಕಂತೆ ಟೈಮ್‌ಗ್ರಾಫರಿನಲ್ಲಿ ಹೊಂದಿಸುವ ಕೋನ, ಅಂದರೆ ಲಿಫ್ಟ್ ಆಂಗಲ್, 38ಕ್ಕೆ ಇಡುವುದನ್ನು ಮರೆಯಬೇಡಿ, ಮಾಮೂಲಿ 52ಕ್ಕೇ ಬಿಟ್ಟರೆ ಆಂಪ್ಲಿಟ್ಯೂಡ್ (ಒಳಗಿನ ಚಕ್ರ ತೂಗುವ ಕೋನ) ಅಸಾಧ್ಯವಾದ 370 ಡಿಗ್ರಿ ಎಂದು ತೋರಿಸಿ ನಗೆಪಾಟಲು ಮಾಡುತ್ತದೆ.

ಮೇಲ್ದರ್ಜೆಯ ನಕಲಿ ಇದನ್ನೂ ದಾಟೀತು. ಅದಕ್ಕೇ ಶುಕ್ರವಾರ ರಾತ್ರಿ 8ಕ್ಕೆ ಪೂರ್ತಿ ಕೀ ಕೊಟ್ಟು ಮಲಗಿಸಿದ್ದು. ಎರಡು ಬ್ಯಾರೆಲ್‌ನ (ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ) ಈ ಯಂತ್ರಕ್ಕೆ 60 ಗಂಟೆಯ ಕಸುವಿದೆ, ಅಂದರೆ ಸೋಮವಾರ ಬೆಳಗ್ಗೆ 8. ನಕಲಿಯೊಳಗಿನ ಮಾಮೂಲಿ ಯಂತ್ರ ಭಾನುವಾರ ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ.

ಸೋಮವಾರ ಹೋಗಿ ನೋಡಿದರೆ ಮುಳ್ಳು 11ರಲ್ಲಿ ನಿಂತಿತ್ತು, ತಾರೀಕು ಭಾನುವಾರದ್ದೇ. ಡೀಲರ್ ಮುಖ ಸಪ್ಪಗಾಯಿತು. ಬೆಳಗಿನ 11 ಆಗಿದ್ದರೆ ಎದ್ದು ಬರುತ್ತಿದ್ದೆ. ಆದರೆ ಹಿರಿಯರು ಭಾನುವಾರ ಸಂಜೆ ಅಂಗಡಿಗೆ ಬಂದಾಗ ಓಡುತ್ತಿತ್ತಂತೆ. ಅಂದರೆ ನಿಂತದ್ದು ರಾತ್ರಿ 11ಕ್ಕೆ, ಅಲ್ಲಿಗೆ 51 ಗಂಟೆ. ಹಿಂಬದಿ ಬಿಚ್ಚಿದ ಅವರು, "ಯಂತ್ರ ಅಪ್ಪಟ ಸ್ವಾಮಿ, ಎಣ್ಣೆ ಒಣಗಿದೆ" ಎಂದರು. ಆ ಮಾತಿಗೇ 50 ಸಾವಿರ ಇಳಿಯಿತು. ಚೌಕಾಸಿಯಲ್ಲಿ ನಾನು ಕಡಿಮೆಯವನಲ್ಲ.

ಕಂಪನಿಯ ಸರ್ವಿಸಿಗೆ 45 ಸಾವಿರದಷ್ಟು ಹೋಯಿತು. ಆದರೆ ಅಲ್ಲಿ ನಕಲಿಯನ್ನು ಸೇರಿಸುವುದಿಲ್ಲ; ತೆಗೆದುಕೊಂಡದ್ದೇ ಪ್ರಮಾಣಪತ್ರ. ಮೇಲೆ 2 ವರ್ಷದ ಸರ್ವಿಸ್ ವಾರಂಟಿ, ಡೀಲರ್ ಕೊಡಲಾರದ್ದು.

ನಡುವೆ ಒಂದು ಎಚ್‌ಎಂಟಿ ಜನತಾವನ್ನೂ ಟೈಮ್‌ಗ್ರಾಫರ್ ಮೇಲಿಟ್ಟೆ. ಗಂಟೆಗೆ 18,000 ಬಡಿತ, ಗೆರೆ ನೇರ. ಡಯಲ್ ಮಾತ್ರ ಹೊಸದಾಗಿ ಬಣ್ಣ ಬಳಿದದ್ದು! ಯಂತ್ರ ಅಸಲಿಯಾದರೂ ಮುಖ ನಕಲಿಯಾಗಿರಬಹುದು. ಡಯಲ್ ಮೇಲೆ ಲೂಪ್ (ಭೂತಗನ್ನಡಿ) ಹಿಡಿದು ನಾನು ನೋಡುವ ಎರಡು ಜಾಗಗಳಿವೆ. ಡೀಲರುಗಳೂ ಇದನ್ನು ಓದುತ್ತಾರಾದ್ದರಿಂದ ಬರೆಯುವುದಿಲ್ಲ.

ರೋಲೆಕ್ಸ್‌ನ 3235 ಯಂತ್ರವಾದರೆ ಸೋಮವಾರ ಸಂಜೆ 6ರವರೆಗೆ ಕಾಯಬೇಕು, ಅದಕ್ಕೆ 70 ಗಂಟೆ. ಹಳೆಯ 3135ಕ್ಕೆ ಇರುವುದೇ 48. ನಕಲಿಗೂ ಅದಕ್ಕೂ ಅಂತರ ಕಡಿಮೆ, ಅಲ್ಲಿ ಈ ಉಪಾಯ ನಡೆಯದು.