ಕರುಳೂ ಬೇಡ, ಮಿಷನ್ನೂ ಬೇಡ: ಮನೆಯಲ್ಲೇ ಬೆಳಗಿನ ಸಾಸೇಜ್

ಕಾರವಾರದವರಿಗೆ ಸಾಸೇಜ್ ಹೊಸದೇನಲ್ಲ. ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಅಂಗಡಿಗಳಲ್ಲಿ ಸರ ಸರವಾಗಿ ತೂಗುಬಿಟ್ಟ ಚೊರಿಸ್ ನೋಡದವರು ಕಡಿಮೆ. ಅದು ಹಂದಿ ಮಾಂಸವನ್ನು ಉಪ್ಪು, ಖಾರ, ವಿನೆಗರ್‌ನಲ್ಲಿ ನೆನೆಸಿ, ಕರುಳಿಗೆ ತುಂಬಿ, ಒಣಗಿಸಿ ಇಡುವ ಸರಕು. ಇಲ್ಲಿ ಹೇಳಹೊರಟಿದ್ದು ಬೇರೆ. ಅಮೆರಿಕದವರು ಬೆಳಿಗ್ಗೆ ಮೊಟ್ಟೆಯ ಜೊತೆ ತಿನ್ನುವ ಹಸಿ ಸಾಸೇಜ್ ಇದು. ತುಂಬುವ ಕೆಲಸ ಇಲ್ಲ, ಒಣಗಿಸುವ ಕೆಲಸವೂ ಇಲ್ಲ. ಖೀಮಾಕ್ಕೆ ಉಪ್ಪು, ಮಸಾಲೆ ಬೆರೆಸಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಬಿಲ್ಲೆ ತಟ್ಟಿ ಕಾವಲಿಗೆ ಹಾಕಿ. ಅಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದಲ್ಲೇ ಮಾಡುತ್ತಾರೆ. ಹಂದಿ ತಿನ್ನದವರು ಬೀಫ್ ಖೀಮಾ ಬಳಸುತ್ತಾರೆ.

ಕೆಲಸ ಸುಲಭ. ಆದರೆ ಒಂದು ವಿಷಯದಲ್ಲಿ ಹಟ ಬೇಕು. ಮಾಂಸ ಮೊದಲಿನಿಂದ ಕೊನೆಯವರೆಗೆ ತಣ್ಣಗಿರಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಇದೇ ಕಷ್ಟ, ಉಳಿದದ್ದೆಲ್ಲ ಆಮೇಲೆ.

ಯಾವ ಮಾಂಸ?

ಕರ್ನಾಟಕದಲ್ಲಿ 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅನುಮತಿಯ ಮೇಲೆ ಅವಕಾಶ. ಹಾಗಾಗಿ ಇಲ್ಲಿ ಬೀಫ್ ಅಂದರೆ ವಯಸ್ಸಾದ ಎಮ್ಮೆಯ ಮಾಂಸ ಅಂತಲೇ ಲೆಕ್ಕ. ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ. ಈ ಮಾಂಸ ಗಟ್ಟಿ, ಸಾರಿಗೆ ಹಾಕಿದರೆ ಕುಕ್ಕರ್ ಎಷ್ಟು ಸಲ ಕೂಗಿದರೂ ಸಾಲದು. ಖೀಮಾ ಮಾಡಿದರೆ ಆ ತಕರಾರು ಇಲ್ಲ.

ತಕರಾರು ಇರುವುದು ಕೊಬ್ಬಿನಲ್ಲಿ. ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ. ಬರೀ ಕೆಂಪು ಮಾಂಸದಲ್ಲಿ ಮಾಡಿದರೆ ಸಾಸೇಜ್ ಒಣಕಲಾಗಿ ಗಂಟಲಲ್ಲಿ ನಿಲ್ಲುತ್ತದೆ. 400 ಗ್ರಾಂ ಮಾಂಸಕ್ಕೆ 100 ಗ್ರಾಂ ಕೊಬ್ಬು ಬೇಕು ಎಂದು ಕೇಳಿ ತೆಗೆದುಕೊಳ್ಳಿ. ಎಮ್ಮೆಯ ಕೊಬ್ಬು ಬೆಳ್ಳಗಿರುತ್ತದೆ. ಹಳದಿಗೆ ತಿರುಗಿ ಕಮಟು ವಾಸನೆ ಬರುತ್ತಿದ್ದರೆ ಬೇಡ ಅನ್ನಿ. ಬೀಫ್ ತಿನ್ನದ ಮನೆಯಲ್ಲಿ ಕುರಿ ಖೀಮಾ ಇದೇ ಲೆಕ್ಕದಲ್ಲಿ ಚೆನ್ನಾಗಿಯೇ ಆಗುತ್ತದೆ. ಕೋಳಿಯಾದರೆ ಎದೆ ಭಾಗ ಬಿಟ್ಟು, ತೊಡೆಯನ್ನು ಚರ್ಮದ ಸಮೇತ ಹಾಕಿ.

ನಮ್ಮ ಮನೆಗಳಲ್ಲಿ ಮಾಂಸ ತೊಳೆಯದೆ ಒಲೆಗೆ ಹೋಗುವುದಿಲ್ಲ, ಅಲ್ವಾ? ಆದರೆ ಖೀಮಾ ತೊಳೆದರೆ ಅದು ನೀರು ಕುಡಿದು ಕೆಡುತ್ತದೆ. ತೊಳೆಯಲೇಬೇಕು ಅನ್ನುವವರು ತುಂಡು ಮಾಂಸ ತಂದು, ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಮನೆಯಲ್ಲೇ ಮಿಕ್ಸಿಗೆ ಹಾಕಿ. ಮಾಂಸ, ಕೊಬ್ಬು ಎರಡನ್ನೂ ಸಣ್ಣ ತುಂಡು ಮಾಡಿ, ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಮಿಕ್ಸಿ ಜಾರನ್ನೂ ಅಲ್ಲೇ ಇಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಗೆ ಕೊಬ್ಬು ಕರಗಿ ಅಂಟು ಮುದ್ದೆಯಾಗುತ್ತದೆ. ತರಿ ತರಿಯಾಗಿದ್ದರೆ ಸಾಕು.

ಮಸಾಲೆ

ಅರ್ಧ ಕೆಜಿಗೆ 8 ಗ್ರಾಂ ಪುಡಿ ಉಪ್ಪು. ಅಂದರೆ ಒಂದೂಕಾಲು ಟೀ ಚಮಚಕ್ಕಿಂತ ಒಂದು ಚೂರು ಜಾಸ್ತಿ. ಅಡುಗೆಮನೆಯಲ್ಲಿ ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಉಳಿದ ಯಾವುದನ್ನಾದರೂ ಕಣ್ಣಳತೆಯಲ್ಲಿ ಹಾಕಬಹುದು, ಇದನ್ನಲ್ಲ.

ಕಾಳುಮೆಣಸು ಒಂದು ಟೀ ಚಮಚ, ಆಗಷ್ಟೇ ಜಜ್ಜಿದ್ದು. ಶಿರಸಿ ಕಡೆಯ ತೋಟದ ಮೆಣಸು ಸಿಕ್ಕರೆ ಬಿಡಬೇಡಿ, ಪ್ಯಾಕೆಟ್ ಪುಡಿಗೆ ಆ ಘಾಟು ಇಲ್ಲ. ಬ್ಯಾಡಗಿ ಮೆಣಸಿನ ತರಿ ಅರ್ಧ ಟೀ ಚಮಚ. ಸೋಂಪು ಅರ್ಧ ಟೀ ಚಮಚ, ಬೆಚ್ಚಗೆ ಹುರಿದು ಕುಟ್ಟಿದ್ದು. ಜಾಯಿಕಾಯಿ ತೇಯ್ದದ್ದು ಒಂದು ಚಿಟಿಕೆ.

ಅಮೆರಿಕದ ಸಾಸೇಜ್‌ಗೆ ಆ ಪರಿಮಳ ಬರುವುದು ಸೇಜ್ ಎಂಬ ಎಲೆಯಿಂದ, ಕೆಲವರು ಜೊತೆಗೆ ಥೈಮ್ ಹಾಕುತ್ತಾರೆ. ಸೇಜ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದುಡ್ಡು ಕೊಟ್ಟು ಒಣಗಿದ ಡಬ್ಬಿ ತರಿಸುವುದಕ್ಕಿಂತ ಹಿತ್ತಲಿನ ದೊಡ್ಡಪತ್ರೆಯೇ ಮೇಲು. ಥೈಮ್‌ನಲ್ಲಿರುವ ಥೈಮಾಲ್, ಕಾರ್ವಕ್ರಾಲ್ ಎಂಬ ಪರಿಮಳದ ಎಣ್ಣೆಗಳು ದೊಡ್ಡಪತ್ರೆಯಲ್ಲೂ ಇವೆ. ಸೇಜ್‌ನ ರುಚಿಯೇ ಬರುತ್ತದೆ ಎನ್ನುವಂತಿಲ್ಲ, ಆದರೆ ಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ. ನಾಲ್ಕು ಎಲೆ ಸಾಕು. ತೊಳೆದು, ನೀರು ಪೂರ್ತಿ ಒರೆಸಿ, ಸಣ್ಣಗೆ ಹೆಚ್ಚಿ.

ಇನ್ನು ಸಿಹಿ. ಅವರು ಕಂದು ಸಕ್ಕರೆಯನ್ನೋ ಮೇಪಲ್ ಸಿರಪ್ಪನ್ನೋ ಹಾಕುತ್ತಾರೆ. ನಮ್ಮ ಜಿಲ್ಲೆಯಲ್ಲಿ ಜೋನಿ ಬೆಲ್ಲ ಇರುವಾಗ ಅದೆಲ್ಲ ಯಾಕೆ? ಒಂದು ಟೀ ಚಮಚ ಹಾಕಿ. ಸಿಹಿ ನಾಲಿಗೆಗೆ ಗೊತ್ತಾಗಬಾರದು, ಬಿಲ್ಲೆಯ ಮೇಲೆ ಕಂದು ಬಣ್ಣ ಬಂದರೆ ಸಾಕು.

ಈರುಳ್ಳಿ ಹಾಕಬೇಡಿ. ಅದು ನೀರು ಬಿಟ್ಟು ಬಿಲ್ಲೆ ಒಡೆಯುತ್ತದೆ. ಕುಮಟಾ ಹೆದ್ದಾರಿ ಬದಿ ಜಡೆ ಕಟ್ಟಿ ಮಾರುವ ಸಿಹಿ ಈರುಳ್ಳಿ ಮನೆಯಲ್ಲಿದ್ದರೆ ಹಸಿಯಾಗಿ ಪಕ್ಕಕ್ಕೆ ಹೆಚ್ಚಿಕೊಳ್ಳಿ. ಮೊಟ್ಟೆ, ಬ್ರೆಡ್ ಪುಡಿ, ಕಡಲೆಹಿಟ್ಟು ಕೂಡ ಬೇಡ. ಅವನ್ನು ಹಾಕಿದರೆ ಅದು ಕಟ್ಲೆಟ್.

ಕಲಸುವುದೇ ಮುಖ್ಯ

ಅಗಲ ಪಾತ್ರೆಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಖೀಮಾ ಹಾಕಿ, ಮೊದಲು ಉಪ್ಪು, ಆಮೇಲೆ ಮಸಾಲೆ, ಬೆಲ್ಲ, ಎರಡು ದೊಡ್ಡ ಚಮಚ ಐಸ್ ನೀರು. ಈಗ ಬೆರಳು ಅಗಲಿಸಿ ಕಲಸಿ. ಶುರುವಿನಲ್ಲಿ ಕಾಳು ಕಾಳಾಗಿ ಬೆರಳ ಸಂದಿಯಿಂದ ಉದುರುತ್ತದೆ. ಒಂದೆರಡು ನಿಮಿಷ ಕಲಸಿದ ಮೇಲೆ ನೋಡಿ, ಬಣ್ಣ ಸ್ವಲ್ಪ ಮಾಸಿ, ಕೈ ಎತ್ತಿದರೆ ಸಣ್ಣ ಎಳೆ ಬರಲು ಶುರುವಾಗುತ್ತದೆ. ಉಪ್ಪು ಮಾಂಸದೊಳಗಿನ ಪ್ರೋಟೀನನ್ನು ಕರಗಿಸಿ ಹೊರಗೆ ತಂದದ್ದರಿಂದ ಬಂದ ಅಂಟು ಅದು. ಮೊಟ್ಟೆಯೂ ಹಿಟ್ಟೂ ಇಲ್ಲದೆ ಬಿಲ್ಲೆ ಒಡೆಯದೆ ನಿಲ್ಲುವುದು ಈ ಅಂಟಿನ ಬಲದಿಂದ. ಒಂದು ಉಂಡೆ ಅಂಗೈಗೆ ಒತ್ತಿ ಕೈ ಮಗುಚಿ. ಬೀಳದೆ ಅಂಟಿಕೊಂಡಿದ್ದರೆ ನಿಲ್ಲಿಸಿ.

ನಡುವೆ ಕೈಗೆ ಜಿಡ್ಡು ಜಾಸ್ತಿ ಹತ್ತಿತು ಅಂದರೆ ಕೊಬ್ಬು ಕರಗುತ್ತಿದೆ ಎಂದರ್ಥ. ಪಾತ್ರೆ ಸಮೇತ ಹದಿನೈದು ನಿಮಿಷ ಫ್ರೀಜರ್‌ಗೆ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಕೆಳಗೆ ಕೂತು ಆರಾಮಾಗಿ ಕಲಸುವ ಕೆಲಸ ಇದಲ್ಲ.

ಉಪ್ಪು, ಖಾರ ನೋಡಲು ಹಸಿ ಖೀಮಾ ಬಾಯಿಗೆ ಹಾಕಬೇಡಿ. ಗೋಲಿ ಗಾತ್ರದ ತುಂಡನ್ನು ಕಾವಲಿಯಲ್ಲಿ ಬೇಯಿಸಿ ತಿಂದು ನೋಡಿ, ಬೇಕಾದ್ದನ್ನು ಈಗಲೇ ಸೇರಿಸಿ. ಆಮೇಲೆ ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಅವಸರವಿದ್ದರೆ ಎರಡು ಗಂಟೆ. ಅದಕ್ಕಿಂತ ಕಡಿಮೆಯಾದರೆ ಮಸಾಲೆ ಒಂದು ಕಡೆ, ಮಾಂಸ ಒಂದು ಕಡೆ ಅನ್ನಿಸುತ್ತದೆ.

ಬೇಯಿಸುವುದು

ಕೈ ಒದ್ದೆ ಮಾಡಿಕೊಂಡು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ತಟ್ಟಿ. ಅರ್ಧ ಕೆಜಿಗೆ ಎಂಟೊಂಬತ್ತು ಆಗುತ್ತವೆ. ನಡುವೆ ಹೆಬ್ಬೆರಳಿನಿಂದ ಸ್ವಲ್ಪ ಅದುಮಿ, ಇಲ್ಲದಿದ್ದರೆ ಬೇಯುವಾಗ ಉಬ್ಬುತ್ತದೆ. ದೋಸೆ ಕಾವಲಿ ಬಳಸುವುದಾದರೆ ನಾಳೆಯ ದೋಸೆಗೂ ಇದರ ವಾಸನೆ ಹಿಡಿಯುತ್ತದೆ, ಅದು ನಿಮ್ಮ ಇಷ್ಟ. ನಾಲ್ಕು ಹನಿ ಎಣ್ಣೆ ಸಾಕು, ಉಳಿದದ್ದನ್ನು ಮಾಂಸವೇ ಬಿಡುತ್ತದೆ. ಉರಿ ನಡು ಮಟ್ಟದಲ್ಲಿರಲಿ. ದೊಡ್ಡ ಉರಿಗೆ ಬೆಲ್ಲ ಸೀದು ಕಹಿಯಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಒಂದೊಂದು ಬದಿಗೆ ನಾಲ್ಕೈದು ನಿಮಿಷ. ಸೌಟಿನಿಂದ ಒತ್ತಬೇಡಿ, ಕಷ್ಟಪಟ್ಟು ಸೇರಿಸಿದ ಕೊಬ್ಬೆಲ್ಲ ಹೊರಗೆ ಹೋಗುತ್ತದೆ.

ಇಡೀ ತುಂಡು ಮಾಂಸದಲ್ಲಿ ರೋಗಾಣು ಮುಖ್ಯವಾಗಿ ಮೇಲ್ಮೈಯಲ್ಲಿರುತ್ತದೆ. ಖೀಮಾ ಮಾಡಿದಾಗ ಅದು ಒಳಗೂ ಸೇರುತ್ತದೆ. ಅದಕ್ಕೇ ಖೀಮಾದ ಅಡುಗೆ ನಡುವಿನವರೆಗೆ ಬೇಯಲೇಬೇಕು. ಥರ್ಮಾಮೀಟರ್ ಇದ್ದರೆ ನಡುವೆ 71 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು, ಕೋಳಿಗೆ 74. ಬರೀ ಬಣ್ಣ ನೋಡಿ ಬೆಂದಿದೆ ಅನ್ನುವುದು ನಂಬುವ ಮಾತಲ್ಲ. ಥರ್ಮಾಮೀಟರ್ ಇಲ್ಲದವರು ಬಿಲ್ಲೆ ತೆಳ್ಳಗೆ ತಟ್ಟಿ, ಇನ್ನೆರಡು ನಿಮಿಷ ಜಾಸ್ತಿಯೇ ಬೇಯಿಸಿ.

ಬಿಸಿ ಇರುವಾಗಲೇ ಪಾವ್ ಸೀಳಿ ನಡುವೆ ಇಡಿ, ಇಲ್ಲವೇ ನೀರುದೋಸೆ, ಮೊಟ್ಟೆಯ ಜೊತೆ ತಿನ್ನಿ. ಆರಿದರೆ ಎಮ್ಮೆಯ ಕೊಬ್ಬು ಗಟ್ಟಿಯಾಗಿ ಬಾಯಿಗೆ ಅಂಟುತ್ತದೆ.

ಇಡುವುದು ಹೇಗೆ?

ಹಸಿ ಖೀಮಾ ಫ್ರಿಜ್‌ನಲ್ಲಿ ಎರಡು ದಿನದ ಮೇಲೆ ಬೇಡ. ಬಿಲ್ಲೆಗಳ ನಡುವೆ ಬಟರ್ ಪೇಪರ್ ಇಟ್ಟು ಫ್ರೀಜ್ ಮಾಡಿದರೆ ಮೂರು ತಿಂಗಳು ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದ ಊರಲ್ಲಿದ್ದರೆ ಅಷ್ಟು ದಿನ ಇಡುವ ಆಸೆ ಬಿಡಿ, ಬೇಕಾದಷ್ಟೇ ಮಾಡಿ. ಚೊರಿಸ್ ಹಾಗೆ ಇದನ್ನೂ ಒಣಗಿಸಿ ನೋಡೋಣ ಎಂದು ಹೊರಡಬೇಡಿ. ಇದರಲ್ಲಿ ವಿನೆಗರ್ ಇಲ್ಲ, ಉಪ್ಪೂ ಅಷ್ಟಿಲ್ಲ, ಹೊರಗಿಟ್ಟರೆ ಕೆಡುವುದೇ.

ಕಾವಲಿಯಲ್ಲಿ ಉಳಿದ ಜಿಡ್ಡಿನಲ್ಲಿ ಬೇಯಿಸಿದ ಬಟಾಟೆ ಹುರಿದರೆ ಬಹಳ ರುಚಿ. ಅದೂ ಬೇಡವಾದರೆ ಹಳೆಯ ಪೇಪರಿನಲ್ಲಿ ಒರೆಸಿ ಎಸೆಯಿರಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನಲ್ಲೇ ಮೇಣದ ಹಾಗೆ ಕೂತುಬಿಡುತ್ತದೆ.