ಶುಕ್ರವಾರದ ಲೆಕ್ಕ ಸುಲಭ, ಸೋಮವಾರದ್ದು ಬೇರೆ

ವಿಜಯಪುರದ ಒಂದು ಟಾಕೀಜಿನಲ್ಲಿ ನಾನು ಮ್ಯಾನೇಜರ್. ಬುಕಿಂಗ್ ಕಿಟಕಿಯಲ್ಲಿ ಬಣ್ಣದ ಟಿಕೆಟ್ ಹರಿದು ಕೊಡುತ್ತಿದ್ದ ಕಾಲಕ್ಕೆ ಕೆಲಸಕ್ಕೆ ಸೇರಿದವನು. ಈಗ ಯಾವ ಸಿನಿಮಾ ಹಾಕಬೇಕು, ದಿನಕ್ಕೆ ಎಷ್ಟು ಶೋ ಕೊಡಬೇಕು ಎನ್ನುವುದೂ ನನ್ನ ಕೊರಳಿಗೇ ಬಿದ್ದಿದೆ. ಮಾಲಕರು ಪ್ರತಿ ಸಲ ಕೇಳುವುದು ಒಂದೇ ಮಾತು: "ಎಷ್ಟ್ ದಿವ್ಸ ಓಡ್ತದಪಾ?" ಜಗತ್ತಿನ ತುಂಬ ಎಷ್ಟು ಕೋಟಿ ಡಾಲರ್ ಆಯಿತು ಎಂಬುದರ ಗೊಡವೆ ಅವರಿಗಿಲ್ಲ.

ಸೂಪರ್‌ಹೀರೋ ಸಿನಿಮಾ ಬಂದಾಗ ಈ ಪ್ರಶ್ನೆಗೆ ಉತ್ತರ ಹೇಳುವುದು ಬಲು ಕಷ್ಟ. ಮೊದಲ ದಿನದ ಗದ್ದಲ ಹೇಳಬಹುದು, ಅದು ಸುಲಭ. ತಿಂಗಳ ಮೊದಲೇ ಹುಡುಗರು ಕಿಟಕಿಗೆ ಬಂದು ವಿಚಾರಿಸುತ್ತಾರೆ, ಯಾವ ಕಾಲೇಜಿನಿಂದ ಎಷ್ಟು ಮಂದಿ ಬರುತ್ತಾರೆ ಎಂದು ಅವರೇ ಹೇಳಿ ಹೋಗುತ್ತಾರೆ. ಶುಕ್ರವಾರ ಹೌಸ್‌ಫುಲ್ ಬೋರ್ಡ್ ಹಾಕುವುದಕ್ಕೆ ನನ್ನಂಥವನ ಬುದ್ಧಿ ಬೇಕಿಲ್ಲ. ಬೇಕಾಗುವುದು ಸೋಮವಾರಕ್ಕೆ.

ಅದೇಕೆಂದರೆ, ಹಂಚಿಕೆದಾರರ ಪಾಲು ಮೊದಲ ವಾರದಲ್ಲಿ ಹೆಚ್ಚು, ಆಮೇಲೆ ಇಳಿಯುತ್ತಾ ಹೋಗುತ್ತದೆ. 2009ರಲ್ಲಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ನವರಿಗೂ ಜಗಳವಾಗಿ ಕೊನೆಗೆ ಆದ ಒಪ್ಪಂದವನ್ನೇ ನೋಡಿ: ಮೊದಲ ವಾರ 50 ಪರ್ಸೆಂಟ್, ಎರಡನೆಯದಕ್ಕೆ 42.5, ಮೂರಕ್ಕೆ 37.5, ನಾಲ್ಕಕ್ಕೆ 30. ನಮ್ಮಂಥ ಸಿಂಗಲ್ ಸ್ಕ್ರೀನಿನ ಕರಾರು ಬೇರೆ ಬೇರೆ ಇರುತ್ತವೆ, ಆದರೆ ಹರಿಯುವ ದಿಕ್ಕು ಅದೇ. ಮೂರು ದಿನ ಉರಿದು ಆರಿಹೋಗುವ ಸಿನಿಮಾದಿಂದ ನಮಗೆ ಉಳಿಯುವುದು ಕ್ಯಾಂಟೀನು, ಸ್ಟ್ಯಾಂಡಿನ ಗಾಡಿ ಬಾಡಿಗೆ, ಮತ್ತು ಗುಡಿಸಬೇಕಾದ ಕಸ. ಪೇಪರಿನಲ್ಲಿ ಬರುವ ಗ್ರಾಸ್ ಕಲೆಕ್ಷನ್ ನೋಡಿ ಹಿಗ್ಗುವುದೂ ದಂಡ. ಮೊದಲು ಜಿಎಸ್‌ಟಿ ಕಳೆಯಬೇಕು. ನೂರು ರೂಪಾಯಿವರೆಗಿನ ಟಿಕೆಟ್‌ಗೆ ಅದು 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ನೂರು ದಾಟಿದರೆ 18. ನಾವು ಪಾಲು ಮಾಡಿಕೊಳ್ಳುವುದು ಇದೆಲ್ಲ ಕಳೆದು ಉಳಿದ ನೆಟ್ಟಿನಲ್ಲಿ.

ನನಗೆ ಈ ಲೆಕ್ಕದ ಹುಚ್ಚು ಹತ್ತಿದ್ದು 2019ರಲ್ಲಿ, 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗ. ಏಪ್ರಿಲ್ 26, ಶುಕ್ರವಾರ. ಮೂರೇ ದಿನ ಹಿಂದೆ, 23ಕ್ಕೆ, ನಮ್ಮಲ್ಲಿ ಲೋಕಸಭೆಯ ಮತದಾನ ಮುಗಿದಿತ್ತು. ಅದಕ್ಕಿಂತ ಮೊದಲು ಬಂದಿದ್ದರೆ ಪ್ರಚಾರ, ಸಭೆ, ಎಲೆಕ್ಷನ್ ಡ್ಯೂಟಿ ಎಂದು ಅರ್ಧ ಊರು ಬೇರೆ ಕಡೆಯೇ ಇರುತ್ತಿತ್ತು. ಶಾಲೆಗೆ ಬೇಸಿಗೆ ರಜೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಇಂಥ ಬಿಸಿಲಿಗೆ ವಿಜಯಪುರದಲ್ಲಿ ಮ್ಯಾಟ್ನಿಗೆ ಬರುವವರಲ್ಲಿ ಕೆಲವರಿಗೆ ಪರದೆಯ ಮೇಲೆ ಏನು ಓಡುತ್ತಿದೆ ಎಂಬುದೂ ಬೇಕಿರುವುದಿಲ್ಲ, ತಣ್ಣಗಿನ ಜಾಗ ಸಿಕ್ಕರೆ ಆಯಿತು. ಎದುರಿಗಿದ್ದದ್ದು ಐಪಿಎಲ್, ಅದು ರಾತ್ರಿಯ ಶೋಗಳನ್ನು ತಿನ್ನುತ್ತದೆ. ಇನ್ನೊಂದು, ಮೇ 7ರಿಂದ ರಂಜಾನ್ ಉಪವಾಸ. ನಮ್ಮ ಹಿಂದಿ ಸಿನಿಮಾದ ಪ್ರೇಕ್ಷಕರಲ್ಲಿ ದೊಡ್ಡ ಪಾಲು ಮುಸ್ಲಿಂ ಬಡಾವಣೆಗಳ ಹುಡುಗರದು, ಆ ತಿಂಗಳು ಅವರು ಟಾಕೀಜಿನ ಕಡೆ ಸುಳಿಯುವುದಿಲ್ಲ. ಅಲ್ಲಿಗೆ ನನ್ನ ಕೈಗೆ ಸಿಕ್ಕದ್ದು ಹನ್ನೊಂದು ದಿನ.

ಸಿನಿಮಾದ ಉದ್ದ ಮೂರು ತಾಸು ಒಂದು ನಿಮಿಷ. ಇಂಟರ್ವಲ್, ಕಸ ಗುಡಿಸುವುದು ಸೇರಿದರೆ ಒಂದು ಶೋಗೆ ಮೂರೂವರೆ ತಾಸು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೂ ರಾತ್ರಿ ಹನ್ನೊಂದರೊಳಗೆ ನಾಲ್ಕೇ ಶೋ. ಹಂಗಾಗಿ ಎಷ್ಟೇ ನೂಕುನುಗ್ಗಲಾದರೂ ದಿನದ ಗಳಿಕೆಗೆ ಒಂದು ಮಿತಿ ಇತ್ತು, ಟಿಕೆಟ್ ಸಿಗದ ಮಂದಿ ಮರುದಿನಕ್ಕೆ ಬರುತ್ತಾರೆ ಎಂಬ ಧೈರ್ಯವೂ ಇತ್ತು. ಮಾಲಕರಿಗೆ "ಹನ್ನೊಂದ್ ದಿನ ಗಟ್ಟಿ, ಮುಂದಿಂದು ನಂಗ ಕೇಳಬ್ಯಾಡ್ರಿ" ಅಂದೆ. ದೇಶದಲ್ಲಿ ಮೊದಲ ದಿನವೇ ಅದು 50 ಕೋಟಿ ದಾಟಿತು, ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ನಮ್ಮಲ್ಲಿ ಹನ್ನೆರಡನೇ ದಿನ ಮ್ಯಾಟ್ನಿಗೆ ಕೂತವರನ್ನು ಗೇಟ್‌ಕೀಪರ್ ಬೆರಳಿನಲ್ಲೇ ಎಣಿಸಿದ. ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅದೇ ನನ್ನ ತಲೆ ತಿರುಗಿಸಿತು.

ಆ ಹನ್ನೊಂದು ದಿನದಲ್ಲಿ ಒಂದು ಸಂಗತಿ ಮಾತ್ರ ಚುಚ್ಚಿತು. ಸಿನಿಮಾ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು, ಕನ್ನಡದಲ್ಲಿರಲಿಲ್ಲ. ತಿಕೋಟಾ ಕಡೆಯ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದಿದ್ದರು. "ಕನ್ನಡದಾಗ ಇಲ್ಲೇನ್ರಿ?" ಎಂದರು. ಇಲ್ಲ ಎಂದೆ. ಮಗನಿಗೆ ಒಂದು ಟಿಕೆಟ್ ತೆಗೆಸಿಕೊಟ್ಟು, ಮೂರು ತಾಸು ಹೊರಗೆ ಕಟ್ಟೆಯ ಮೇಲೆ ಕೂತರು. ಎರಡು ಟಿಕೆಟ್ ಆಗಬೇಕಿದ್ದದ್ದು ಒಂದಾಯಿತು. ಕನ್ನಡಕ್ಕೆ ಡಬ್ಬಿಂಗ್ ತಡೆಯುವುದು ತಪ್ಪು ಎಂದು, ವ್ಯಾಪಾರದ ಪೈಪೋಟಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು. ಆದರೂ ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಲು 2023ರ ಜೂನ್‌ವರೆಗೆ ಕಾಯಬೇಕಾಯಿತು, ಅದೂ ಅನಿಮೇಷನ್ ಸಿನಿಮಾದಲ್ಲಿ. ಡಬ್ಬಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ನನಗೆ ಬೇಡ. ಕಟ್ಟೆಯ ಮೇಲೆ ಕೂತ ಆ ಮನುಷ್ಯನ ಲೆಕ್ಕ ಹಿಡಿಯುವವರು ಯಾರೂ ಇಲ್ಲ, ಅಷ್ಟೇ.

ಗರ್ವ ಇಳಿಯಲು ಬಹಳ ದಿನ ಬೇಕಾಗಲಿಲ್ಲ. 2021ರ ಡಿಸೆಂಬರ್ 16, ಗುರುವಾರ ಸ್ಪೈಡರ್‌ಮ್ಯಾನ್ 'ನೋ ವೇ ಹೋಮ್' ಬಂತು, ಮರುದಿನವೇ 'ಪುಷ್ಪ'. ಎರಡೂ ಓಡುತ್ತವೆ ಎಂದು ಹೇಳಿದ್ದೆ, ಓಡಿದವು ಕೂಡ. ಆದರೆ 28ರಿಂದ ರಾತ್ರಿ ಹತ್ತಕ್ಕೆ ಕರ್ಫ್ಯೂ ಬಂದು ಸೆಕೆಂಡ್ ಶೋ ಹೋಯಿತು, ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂದು ಶನಿವಾರ, ರವಿವಾರವೂ ಹೋದವು. ಅದಕ್ಕೆ ಯಾರನ್ನು ಬೈಯುವುದು, ಬಿಡಿ.

ಬೈಯಬೇಕಾದ್ದು 2023ರ ದೀಪಾವಳಿಗೆ, ಬೈಸಿಕೊಳ್ಳಬೇಕಾದವನು ನಾನೇ. ನವೆಂಬರ್ 10ಕ್ಕೆ 'ದಿ ಮಾರ್ವೆಲ್ಸ್'. ಇದರ ಹಿಂದಿನ ಭಾಗ 'ಕ್ಯಾಪ್ಟನ್ ಮಾರ್ವೆಲ್' 2019ರಲ್ಲಿ 113 ಕೋಟಿ ಡಾಲರ್ ಮಾಡಿತ್ತು. ಸಿನಿಮಾ ಬರೀ ಒಂದು ಮುಕ್ಕಾಲು ತಾಸು, ಐದು ಶೋ ಆರಾಮ ಕೂಡುತ್ತದೆ. ಹಬ್ಬದ ರಜೆ ಬೇರೆ. ಕಾಗದದ ಮೇಲೆ ಎಲ್ಲ ಚೊಕ್ಕ. ವಾರಪೂರ್ತಿ ಎಲ್ಲ ಶೋ ಕೊಡುತ್ತೇವೆ ಎಂದು ನಾನೇ ಮಾತು ಕೊಟ್ಟೆ, 12ಕ್ಕೆ ಬರಲಿದ್ದ 'ಟೈಗರ್ 3' ಊರಿನ ಇನ್ನೊಂದು ಟಾಕೀಜಿಗೆ ಹೋಯಿತು.

12, ರವಿವಾರ. ಅಮಾವಾಸ್ಯೆ, ಸಂಜೆ ಪೇಟೆಯಲ್ಲೆಲ್ಲ ಅಂಗಡಿ ಪೂಜೆ. ಬೆಂಗಳೂರಿನಲ್ಲಿ ಭಾರತ–ನೆದರ್ಲೆಂಡ್ಸ್ ವಿಶ್ವಕಪ್ ಪಂದ್ಯ. ಫಸ್ಟ್ ಶೋಗೆ ಬಾಲ್ಕನಿಯಲ್ಲಿ ಹದಿನಾಲ್ಕು ಮಂದಿ, ಕೆಳಗೆ ಒಂಬತ್ತು. ಆಪರೇಟರ್ ಇಳಿದುಬಂದು, "ಸರ, ಎಸಿ ಹಾಕೂದೋ, ಬಿಡೂದೋ?" ಎಂದ. ಮಾಲಕರು ಪೂಜೆಯ ಪೇಡೆ ಕಳಿಸಿದ್ದರು, ಅದು ಗಂಟಲಿನಿಂದ ಇಳಿಯಲಿಲ್ಲ. ಐದು ಶೋ ಸಿಗುತ್ತದೆ ಎಂದು ಕುಣಿದಿದ್ದೆನಲ್ಲ, ಖಾಲಿ ಕುರ್ಚಿಗೆ ದಿನಕ್ಕೆ ಐದು ಸಲ ಸಿನಿಮಾ ತೋರಿಸಿದೆ.

ಅಮೆರಿಕದಲ್ಲೂ ಅದೇ ಕಥೆ ಎಂದು ಆಮೇಲೆ ಗೊತ್ತಾಯಿತು. ಮೊದಲ ವಾರಾಂತ್ಯ 4.6 ಕೋಟಿ ಡಾಲರ್, ಅಲ್ಲಿನ ಒಟ್ಟು ಗಳಿಕೆ ಸುಮಾರು 8.45 ಕೋಟಿ. ಒಟ್ಟನ್ನು ಮೊದಲ ವಾರಾಂತ್ಯದಿಂದ ಭಾಗಿಸಿದರೆ 1.8 ಬರುತ್ತದೆ. ಇದನ್ನು ಅಲ್ಲಿಯವರು ಮಲ್ಟಿಪ್ಲೈಯರ್ ಎನ್ನುತ್ತಾರೆ. ಎಂಡ್‌ಗೇಮ್‌ಗೆ ಇದು 2.4 ಇತ್ತು, 2024ರ 'ಡೆಡ್‌ಪೂಲ್ ಅಂಡ್ ವುಲ್ವರಿನ್'ಗೆ 3. ನಮ್ಮ "ಎಷ್ಟ್ ದಿವ್ಸ ಓಡ್ತದ" ಎನ್ನುವುದಕ್ಕೆ ಅವರು ಇಟ್ಟುಕೊಂಡ ಹೆಸರು ಅದು. ಇನ್ನೊಂದು ಉಪಯೋಗದ ವಸ್ತು ಸಿನಿಮಾಸ್ಕೋರ್. ಮೊದಲ ರಾತ್ರಿ ಸಿನಿಮಾ ನೋಡಿ ಹೊರಬಂದವರನ್ನೇ ಕೇಳಿ ಕೊಡುವ ದರ್ಜೆ. ಎಂಡ್‌ಗೇಮ್‌ಗೆ ಎ ಪ್ಲಸ್, ಮಾರ್ವೆಲ್ಸ್‌ಗೆ ಬಿ. ಶಾಲೆಯಲ್ಲಿ ಬಿ ಬಂದರೆ ಪಾಸು, ಈ ಜಾತಿಯ ಸಿನಿಮಾಕ್ಕೆ ಬಿ ಬಂದರೆ ಸೋಮವಾರ ನಪಾಸು. ಈ ದರ್ಜೆ ಶನಿವಾರ ನಮ್ಮ ಕೈಗೆ ಸಿಗುತ್ತದಾದರೂ ಅಷ್ಟೊತ್ತಿಗೆ ಮಾತು ಕೊಟ್ಟಾಗಿರುತ್ತದೆ.

ಎರಡು ತಿಂಗಳಿಗೆ ತಿರುಗಾ ಪೆಟ್ಟು, ಈ ಸಲ ಉಲ್ಟಾ. 2024ರ ಜನವರಿ 12ಕ್ಕೆ 'ಹನುಮಾನ್'. ಪ್ರಶಾಂತ್ ವರ್ಮ ನಿರ್ದೇಶನದ ತೆಲುಗು ಸೂಪರ್‌ಹೀರೋ ಸಿನಿಮಾ, ಹೀರೋ ತೇಜ ಸಜ್ಜಾ. ನಮ್ಮಲ್ಲಿ ಆ ಹುಡುಗನ ಮುಖ ಗುರುತಿಸುವವರು ಕಡಿಮೆ. ಹಿಂದಿ ಪ್ರತಿಗೆ ಮ್ಯಾಟ್ನಿ ಒಂದೇ ಕೊಟ್ಟೆ. ಸುಟ್ಟುಕೊಂಡ ಬೆಕ್ಕು ಹಾಲು ಕಂಡರೂ ಹಿಂದೆ ಸರಿಯುತ್ತದಲ್ಲ, ಹಾಗೆ.

ಆ ವಾರ ಸಿದ್ಧೇಶ್ವರ ಜಾತ್ರೆ. ರವಿವಾರ ಕಿಟಕಿಗೆ ಒಬ್ಬ ರೈತ ಬಂದ. ಹೆಗಲ ಮೇಲೆ ದನದ ಜಾತ್ರೆಯಲ್ಲಿ ಕೊಂಡ ಹೊಸ ಹಗ್ಗ, ಕೈಯಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ರೊಕ್ಕ ಎಣಿಸಿದ, ಸರ ಒಂದೊಂದು ನೋಟಿಗೂ ಘಲ್ ಎನ್ನುತ್ತಿತ್ತು. "ಹನುಮಪ್ಪನ ಸಿನಿಮಾಕ್ಕ ಏಳು ಕೊಡ್ರಿ." ಏಳು! ಹಿಂದೆ ಹೆಂಡತಿ, ತಾಯಿ, ಮಕ್ಕಳು. ಹಿಂದಿ ಐತಿ ಎಂದೆ. "ಇರಲಿ ಬಿಡ್ರಿ, ಹನುಮಪ್ಪಗ ಯಾ ಭಾಷಾ?" ಎಂದ. ತಿಕೋಟಾದ ತಂದೆಗೆ ಅಡ್ಡಬಂದ ಭಾಷೆ ಇವನಿಗೆ ಅಡ್ಡ ಬರಲಿಲ್ಲ. ಆ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸೋಮವಾರದಿಂದ ಫಸ್ಟ್ ಶೋ ಸೇರಿಸಿದೆ. 22ಕ್ಕೆ ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ, ಆ ವಾರ ಮೊದಲ ವಾರಕ್ಕಿಂತ ಚಲೋ ಹೋಯಿತು.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ರೀತಿ ಬದಲಾಯಿತು. ಟ್ರೇಲರ್ ಎಷ್ಟು ಲಕ್ಷ ಮಂದಿ ನೋಡಿದರು ಎಂಬುದನ್ನು ಬರೆಯುವುದು ಬಿಟ್ಟೆ, ಫ್ಯಾನ್ ಹುಡುಗ ಒಬ್ಬನೇ ಇಪ್ಪತ್ತು ಸಲ ನೋಡಿರುತ್ತಾನೆ. ಅಡ್ವಾನ್ಸ್ ಬುಕಿಂಗ್ ತೆರೆದಾಗ ಒಬ್ಬೊಬ್ಬರು ಎಷ್ಟು ಟಿಕೆಟ್ ತೆಗೆಯುತ್ತಾರೆ ಎಂದು ಎಣಿಸುತ್ತೇನೆ. ಆನ್‌ಲೈನಿನ ಸೀಟ್ ಚಾರ್ಟಿನಲ್ಲಿ ಒಂದು, ಎರಡು, ಮತ್ತೆ ಒಂದು ಹೀಗೆ ತುಂಬುತ್ತಾ ಬಂದರೆ ಅವರು ಹುಡುಗರು, ಶುಕ್ರವಾರವೇ ಮುಗಿಸಿಬಿಡುತ್ತಾರೆ. ನಾಲ್ಕೈದು ಕುರ್ಚಿ ಒಂದೇ ಸಾಲಿನಲ್ಲಿ, ಅದೂ ರವಿವಾರದ ಮ್ಯಾಟ್ನಿಗೆ, ಗುರುವಾರವೇ ತುಂಬಿದ್ದರೆ ಮನೆಮಂದಿ ಹೊರಟಿದ್ದಾರೆ ಎಂದರ್ಥ. ಡೆಡ್‌ಪೂಲ್‌ಗೆ ಎ ಸರ್ಟಿಫಿಕೇಟ್ ಬಂದಾಗ ಇಂಥ ಸಾಲುಗಳನ್ನೆಲ್ಲ ಮೊದಲೇ ಹೊಡೆದುಹಾಕಿದೆ. ಗೇಟಿನಲ್ಲಿ ಆಧಾರ್ ಕಾರ್ಡ್ ನೋಡಿ ಹುಡುಗರನ್ನು ತಿರುಗಿಸಿ ಕಳಿಸುವುದು ಯಾರಿಗೆ ಇಷ್ಟ? ಅದು ಹುಡುಗರ ಬಲದ ಮೇಲೇ ಓಡಿತು, ಅದಕ್ಕೆ ತಕ್ಕಷ್ಟೇ ಶೋ ಕೊಟ್ಟಿದ್ದೆ.

ಎರಡನೆಯದು ಹೆಂಡತಿಯ ಪರೀಕ್ಷೆ. ರಾತ್ರಿ ಊಟಕ್ಕೆ ಕೂತಾಗ ಬರಲಿರುವ ಸಿನಿಮಾದ ಕಥೆಯನ್ನು ಒಂದು ರೊಟ್ಟಿ ಮುಗಿಯುವುದರೊಳಗೆ ಹೇಳಬೇಕು. ಸೋತ ಮೇಲೆ ಒಮ್ಮೆ ಮಾರ್ವೆಲ್ಸ್ ಕಥೆಯನ್ನು ಹೇಳಿ ನೋಡಿದೆ. "ಮೂವರು ಹೆಣ್ಮಕ್ಕಳು, ಶಕ್ತಿ ಬಳಸಿದಾಗೊಮ್ಮೆ ಒಬ್ಬರ ಜಾಗಾದಾಗ ಒಬ್ಬರು ಹೋಗ್ತಾರ."

"ಯಾರ್ರಿ ಅವರು?"

"ಒಬ್ಬಾಕಿ ಹಳೇ ಸಿನಿಮಾದಾಕಿ. ಇನ್ನಿಬ್ಬರು ಮೊಬೈಲ್‌ನ್ಯಾಗ ಬಂದ ಸೀರಿಯಲ್‌ದವರು."

"ಹಂಗಾದ್ರ ಅದನೆಲ್ಲಾ ಮೊದಲ ನೋಡಿರ್ಬೇಕೇನು?" ಎಂದು ಸಾರು ಬಡಿಸಿ ಎದ್ದುಹೋದಳು. ದೀಪಾವಳಿಗೆ ಮೊದಲೇ ಇವಳನ್ನು ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ಈಗ ತಲೆಯಲ್ಲಿ ಓಡುತ್ತಿರುವುದು 'ಅವೆಂಜರ್ಸ್: ಡೂಮ್ಸ್‌ಡೇ'. ಮೊದಲು 2026ರ ಮೇ 1 ಎಂದಿದ್ದರು, ಆಮೇಲೆ ಡಿಸೆಂಬರ್ 18ಕ್ಕೆ ಹಾಕಿದರು. ಅಮೆರಿಕದವರಿಗೆ ಕ್ರಿಸ್‌ಮಸ್ ರಜೆ, ಅವರಿಗೆ ಸರಿ. ನಮಗೆ ಮೇ ತಿಂಗಳೇ ಬಂಗಾರ ಇತ್ತು: ಶಾಲೆಗೆ ರಜೆ, ಹೊರಗೆ ಬಿಸಿಲು. ಡಿಸೆಂಬರಿನಲ್ಲಿ ವಿಜಯಪುರದ ಚಳಿ ಎಂದರೆ ರಾತ್ರಿ ಒಂಬತ್ತಕ್ಕೆ ಗಾಂಧಿ ಚೌಕವೇ ಮುದುಡಿಕೊಂಡಿರುತ್ತದೆ. ಸೆಕೆಂಡ್ ಶೋ ಮುಗಿಸಿ ಬೈಕಿನ ಮೇಲೆ ಬಬಲೇಶ್ವರಕ್ಕೆ ಹೋಗುವ ಹುಡುಗ ಒಮ್ಮೆ ಹೋದರೆ ಎರಡನೇ ಸಲ ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಸೆಕೆಂಡ್ ಶೋ ಎದುರಿಗೆ ಶುಕ್ರ, ಶನಿ, ರವಿ ಎಂದಷ್ಟೇ ಬರೆದಿದ್ದೇನೆ. ರಂಜಾನಿನ ತೊಂದರೆ ಈ ಸಲ ಇಲ್ಲ, ಅದು ಫೆಬ್ರುವರಿಗೆ ಹೋಗುತ್ತದೆ. ಜಾತ್ರೆಗೆ ಇನ್ನೂ ನಾಲ್ಕು ವಾರ, ಅಲ್ಲಿಯವರೆಗೆ ಎಳೆಯುವ ಆಸೆ ನನಗಿಲ್ಲ.

ಮೊನ್ನೆ ರೊಟ್ಟಿಯ ಮುಂದೆ ಕೂತು ಇದನ್ನೂ ಹೇಳಿದೆ. "ಹೋದ ಸಲ ಜಗತ್ತು ಉಳಸಾಕ ಹೋಗಿ ಸತ್ತಿದ್ನಲ್ಲಾ ಐರನ್ ಮ್ಯಾನ್, ಆ ನಟ ಈ ಸಲ ವಿಲನ್ ಆಗಿ ಬರ್ತಾನ."

"ಸತ್ತಾಂವ ಹೆಂಗ ಬಂದ್ರಿ?"

"ಇಂವಾ ಬ್ಯಾರೆ. ಹೆಸರು ಡೂಮ್."

"ಮಾರಿ ಅದ ಅಲಾ?"

"ಅದ."

ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಯೋಚಿಸಿದಳು. "ಮತ್ತ ಅವನ ಗೆಳ್ಯಾರು ಅವನ್ನ ಗುರ್ತಾ ಹಿಡೀತಾರೇನ್ರಿ?"

ಮಾರ್ವೆಲ್ಸ್‌ಗೆ ಆಕೆ ಕೇಳಿದ್ದು ಹಿಂದಿನದನ್ನು, ಇದಕ್ಕೆ ಮುಂದಿನದನ್ನು. ಊಟ ಮುಗಿಸಿ ಪೆನ್ಸಿಲ್ಲಿನಲ್ಲಿ ಹದಿನೈದು ದಿನ ಎಂದು ಬರೆದೆ. ಮಾಲಕರಿಗೆ ಮಾತ್ರ ಹತ್ತು ಎಂದು ಹೇಳಿದ್ದೇನೆ.